ಹುಲ್ಲನ್ನು ಮೊದಲು ನೀವು ಮೂಸಿ

ಪೀನಟ್ ಬಟರ್ ಕೊಳ್ಳುವಾಗ ಡಬ್ಬಿ ತಿರುಗಿಸಿ ಸಕ್ಕರೆ ಎಷ್ಟಿದೆ, ಪಾಮ್ ಆಯಿಲ್ ಇದೆಯಾ ಅಂತ ನೋಡ್ತೀರಿ. ಹಾಲಿನ ಪ್ಯಾಕೆಟ್ಟಿನ ಮೇಲೆ ನಿನ್ನೆಯ ತಾರೀಖಿದ್ದರೆ ಅಂಗಡಿಯವರ ಜೊತೆ ಜಗಳಕ್ಕೇ ನಿಲ್ತೀರಿ. ಅದೇ ನೀವು, ಬಾಲ್ಕನಿಯಲ್ಲಿ ಸಾಕಿರುವ ಮೊಲಕ್ಕೆ ಹುಲ್ಲು ಬಂದಾಗ ಏನು ಮಾಡ್ತೀರಿ? ಕತ್ತರಿಯಿಂದ ಪ್ಯಾಕೆಟ್ ಕತ್ತರಿಸಿ, ಒಂದು ಹಿಡಿ ತೆಗೆದು, ಫೋನ್ ನೋಡ್ತಾ ನೋಡ್ತಾ ಬುಟ್ಟಿಗೆ ತುರುಕಿ ಸ್ಟ್ಯಾಂಡ್‌ಅಪ್ ಕಾಲ್‌ಗೆ ಓಡ್ತೀರಿ. ಅದು ಯಾವ ಹುಲ್ಲು, ಯಾವಾಗ ಕೊಯ್ದದ್ದು, ಮಳೆಗೆ ನೆಂದಿತ್ತಾ, ಒಳಗೆ ಬೂಷ್ಟು ಹಿಡಿದಿದೆಯಾ, ಒಂದೂ ಗೊತ್ತಿಲ್ಲ. ಆ ಮೊಲ ಹಗಲೂ ರಾತ್ರಿ ತಿನ್ನುವುದು ಅದನ್ನೇ.

ನಾನು ಹೇಳಬೇಕಾಗಿರೋದು ಇಷ್ಟು. ಹುಲ್ಲಿನ ಗುಣ ಪ್ಯಾಕೆಟ್ಟಿನ ಮೇಲೆ ಬರೆದಿರುವುದಿಲ್ಲ. ಅದನ್ನು ನೋಡಬೇಕಾದವರು ನೀವು, ನಿಮ್ಮದೇ ಕಣ್ಣು, ಮೂಗು, ಕೈ ಬಳಸಿ. ಅದಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷವೂ ಇಲ್ಲದವರು ದಯವಿಟ್ಟು ಮೊಲ ಸಾಕಬೇಡಿ, ಮನಿ ಪ್ಲಾಂಟ್ ಇಟ್ಟುಕೊಳ್ಳಿ.

ಊರಿನಲ್ಲಿ ಮೊಲ ಸಾಕುವವರಲ್ಲಿ, ಅಂದರೆ ಬೆಂಗಳೂರು, ಮೈಸೂರಿನಲ್ಲಿ, ಎರಡು ಪಂಗಡ ಇವೆ. ಒಂದು ಪಂಗಡಕ್ಕೆ ಅಮೆರಿಕದಿಂದ ಬಂದ ಟಿಮೋತಿ ಹುಲ್ಲು ಅಂದರೆ ತೀರ್ಥಪ್ರಸಾದ. ಬೆಲೆ ಜಾಸ್ತಿ, ಪ್ಯಾಕೆಟ್ ಚೆನ್ನಾಗಿದೆ, ಆದ್ದರಿಂದ ಹುಲ್ಲೂ ಚೆನ್ನಾಗಿದೆ. ಇನ್ನೊಂದು ಪಂಗಡಕ್ಕೆ ಹಳ್ಳಿಯಿಂದ ಬಂದದ್ದೆಲ್ಲ ಶುದ್ಧ. ಊರಿಂದ ಕಾರಿನ ಡಿಕ್ಕಿಯಲ್ಲಿ ಒಂದು ಹೊರೆ ನೆಲ್ಲುಲ್ಲು ತಂದುಬಿಟ್ಟರೆ ಮೊಲಕ್ಕೆ ಆರ್ಗ್ಯಾನಿಕ್ ಊಟ ಹಾಕಿದ ಸಮಾಧಾನ. ಇಬ್ಬರದೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ವಾದ. ಇಬ್ಬರೂ ಹುಲ್ಲನ್ನು ಮೂಸಿ ಮಾತ್ರ ನೋಡಿಲ್ಲ.

ಹುಲ್ಲಿಗೆ ಯಾಕಪ್ಪಾ ಇಷ್ಟು ಗಲಾಟೆ ಅಂದರೆ, ಮೊಲ ಉದ್ದ ಕಿವಿಯ ಬೆಕ್ಕಲ್ಲ. ಅದಕ್ಕೆ 28 ಹಲ್ಲು, ಅಷ್ಟೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತೆ. ಗಂಟೆಗಟ್ಟಲೆ ನಾರು ಅಗೆದರೆ ಮಾತ್ರ ಹಲ್ಲು ಸವೆಯೋದು. ಸವೆಯದಿದ್ದರೆ ದವಡೆ ಹಲ್ಲು ಚೂಪಾಗಿ ಬೆಳೆದು ನಾಲಿಗೆ, ಕೆನ್ನೆಗೆ ಚುಚ್ಚುತ್ತೆ. ಇನ್ನು ಹೊಟ್ಟೆ. ನಾರಿನ ದೊಡ್ಡ ಚೂರುಗಳು ಕರುಳನ್ನು ಸದಾ ಓಡಿಸುತ್ತಾ ಇರಬೇಕು. ಸೀಕಮ್ ಅನ್ನುವ ದೊಡ್ಡ ಚೀಲದಲ್ಲಿ ಸೂಕ್ಷ್ಮಾಣುಗಳು ಉಳಿದದ್ದನ್ನು ಹುಳಿ ಬರಿಸುತ್ತವೆ. ಅಲ್ಲಿ ತಯಾರಾದ ಮೆತ್ತನೆಯ ಹಿಕ್ಕೆಯನ್ನು ಮೊಲ ಮತ್ತೆ ತಿನ್ನುತ್ತೆ, ಅಸಹ್ಯ ಪಡಬೇಡಿ, ಅದರ ಜೀವನವೇ ಹಾಗೆ. ಈ ಓಟ ನಿಂತರೆ ಕರುಳಲ್ಲಿ ಗ್ಯಾಸ್ ತುಂಬಿ, ನೋವಿಗೆ ಮೊಲ ತಿನ್ನೋದು ಬಿಡುತ್ತೆ, ತಿನ್ನದಿದ್ದಕ್ಕೆ ಕರುಳು ಇನ್ನೂ ನಿಲ್ಲುತ್ತೆ. ಡಾಕ್ಟರುಗಳು ಇದನ್ನು ಜಿಐ ಸ್ಟೇಸಿಸ್ ಅಂತಾರೆ. ಅರ್ಧ ದಿನ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಅಂದರೆ ಅದು ವೀಕೆಂಡಿಗೆ ನೋಡೋಣ ಅನ್ನುವ ವಿಷಯವಲ್ಲ, ಆವತ್ತೇ ಆಸ್ಪತ್ರೆ.

ಇನ್ನೊಂದು ಮಾತು ನೆನಪಿಡಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ನಾಯಿ ಕೆಟ್ಟದ್ದು ತಿಂದರೆ ಕಕ್ಕಿ ಬದುಕಿಕೊಳ್ಳಬಹುದು. ಮೊಲದ ಹೊಟ್ಟೆಗೆ ಹೋದದ್ದು ಒಳಗೇ ಸಾಗಬೇಕು. ಅದಕ್ಕೇ ತಪಾಸಣೆ ಬಾಯಿಗೆ ಹೋಗುವ ಮೊದಲೇ ಆಗಬೇಕು. ಕೋಡ್ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ರೋಲ್‌ಬ್ಯಾಕ್ ಇಲ್ಲದ ಕಡೆ ಟೆಸ್ಟ್ ಮಾಡದೆ ಯಾರು ಡಿಪ್ಲಾಯ್ ಮಾಡ್ತಾರೆ?

ಈಗ ಮೊದಲನೇ ಪಂಗಡದ ಹತ್ತಿರ ಬರೋಣ.

ಟಿಮೋತಿ ಒಳ್ಳೆಯ ಹುಲ್ಲು, ಅದರಲ್ಲಿ ತಕರಾರಿಲ್ಲ. 18ನೇ ಶತಮಾನದಲ್ಲಿ ಟಿಮೋತಿ ಹ್ಯಾನ್ಸನ್ ಅನ್ನುವ ರೈತ ಅಮೆರಿಕದ ವಸಾಹತುಗಳಲ್ಲಿ ಅದನ್ನು ಬೆಳೆಯಿರಿ ಅಂತ ಪ್ರಚಾರ ಮಾಡಿದ, ಹಾಗಾಗಿ ಆ ಹೆಸರು ಬಂತು. ನಾರು ಹೆಚ್ಚು, ಪ್ರೋಟೀನ್ ಶೇ. 8ರ ಆಸುಪಾಸು, ಕ್ಯಾಲ್ಸಿಯಂ ಮಿತವಾಗಿದೆ. ಬೆಳೆದ ಮೊಲಕ್ಕೆ ಸರಿಯಾಗಿ ಹೊಂದುತ್ತೆ. ಆದರೆ ಅದು ಚಳಿ ಸೀಮೆಯ ಹುಲ್ಲು, ನಮ್ಮ ಬಯಲಿನ ಬಿಸಿಲಿಗೆ ಬಾಳುವುದಿಲ್ಲ. ಅಂದರೆ ನಿಮ್ಮ ಕೈಗೆ ಬಂದ ಟಿಮೋತಿ ಬಹಳ ದೂರ ಪ್ರಯಾಣ ಮಾಡಿದೆ. ಎಲ್ಲೋ ಕೊಯ್ದು, ಒಣಗಿಸಿ, ಒತ್ತಿ, ಕಂಟೇನರಿಗೆ ತುಂಬಿ, ಹಡಗಿನಲ್ಲಿ ವಾರಗಟ್ಟಲೆ ಇದ್ದು, ಬಂದರಿನ ಸೆಕೆ ಕುಡಿದು, ಗೋದಾಮಿಗೆ ಬಂದಿದೆ. ಅಲ್ಲಿ ಜುಲೈ ತಿಂಗಳ ತೇವದ ಗಾಳಿಯಲ್ಲಿ ಬಿಚ್ಚಿ ಅರ್ಧ ಕೆಜಿ ಪ್ಯಾಕೆಟ್ ಮಾಡಿದರೆ? ಹೊಲದಲ್ಲಿ ಚಿನ್ನದಂತಿದ್ದ ಹುಲ್ಲು ಪ್ಲಾಸ್ಟಿಕ್ಕಿನೊಳಗೆ ಕೆಡೋದಕ್ಕೆ ಅಷ್ಟು ಸಾಕು.

ಇದನ್ನೆಲ್ಲ ಸರ್ಕಾರ ನೋಡಿಕೊಳ್ಳುತ್ತೆ ಅಂದುಕೊಂಡಿದ್ದರೆ ಕೇಳಿ. ನಮ್ಮ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ 'ಆಹಾರ' ಅನ್ನುವ ಪದದ ವ್ಯಾಖ್ಯೆಯೇ ಪಶು ಆಹಾರವನ್ನು ಹೊರಗಿಟ್ಟಿದೆ. ನಿಮ್ಮ ಬಿಸ್ಕತ್ತಿಗೆ ಇರುವ ಕಾವಲು ನಿಮ್ಮ ಮೊಲದ ಹುಲ್ಲಿಗೆ ಇಲ್ಲ. ಪ್ಯಾಕೆಟ್ ಮಾಡಿದ ಸಾಮಾನಿಗೆ 2011ರ ಲೀಗಲ್ ಮೆಟ್ರಾಲಜಿ ನಿಯಮಗಳು ಇವೆ ಸರಿ. ಅವು ಕೇಳುವುದು ತೂಕ, ಬೆಲೆ, ತಯಾರಕರ ಅಥವಾ ಆಮದು ಮಾಡಿದವರ ಹೆಸರು, ತಿಂಗಳು, ವರ್ಷ, ಇಂಥವನ್ನು. ಹೊಲದಲ್ಲಿ ಹುಲ್ಲಿಗೆ ಕುಡುಗೋಲು ಬಿದ್ದ ದಿನ ಯಾವುದು ಅಂತ ಆ ಲೇಬಲ್ ನಿಮಗೆ ಹೇಳುವುದಿಲ್ಲ. 'ಪ್ರೀಮಿಯಂ' ಅಂದರೆ ಏನು ಅಂತಲೂ ಹೇಳುವುದಿಲ್ಲ. ಇನ್ನು ಐದು ಸ್ಟಾರ್ ರಿವ್ಯೂಗಳು. ಅರ್ಧ ರಿವ್ಯೂ ಪಾರ್ಸೆಲ್ ಬಂದ ದಿನವೇ ಬರೆದದ್ದು, 'ಡೆಲಿವರಿ ಫಾಸ್ಟ್, ಪ್ಯಾಕಿಂಗ್ ಸೂಪರ್' ಅಂತ. ಹುಲ್ಲಿನ ಬಗ್ಗೆ ಒಂದು ಅಕ್ಷರ ಇರುವುದಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಮನೆಗೂ ಅಂಥ ಒಂದು ಪ್ರೀಮಿಯಂ ಪ್ಯಾಕೆಟ್ ಬಂತು. ನಮ್ಮಲ್ಲೂ ಎರಡು ಮೊಲ ಇವೆ. ಸೀಲ್ ಭದ್ರವಾಗಿತ್ತು, ಮೇಲೆ ಹಸಿರು ಚೆನ್ನಾಗಿ ಕಾಣ್ತಿತ್ತು. ಕತ್ತರಿಸಿ ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ನಡುವಿನಲ್ಲಿ ಒಂದು ಹಿಡಿಯಷ್ಟು ಹುಲ್ಲು ಬೂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು. ಫೋಟೋ ಕಳಿಸಿದೆ. ಮಾರಿದವರ ಉತ್ತರ: 'ಸರ್, ಇದು ನ್ಯಾಚುರಲ್ ಪ್ರಾಡಕ್ಟ್, ಸ್ವಲ್ಪ ವ್ಯತ್ಯಾಸ ಇರುತ್ತೆ.' ನ್ಯಾಚುರಲ್ ನಿಜ. ಬೂಷ್ಟೂ ನ್ಯಾಚುರಲ್ಲೇ, ಹಾವಿನ ವಿಷವೂ ನ್ಯಾಚುರಲ್ಲೇ.

ಪ್ಯಾಕೆಟ್ ಪಂಗಡದವರು ಮಾಡುವ ಇನ್ನೊಂದು ಎಡವಟ್ಟು ಆಲ್ಫಾಲ್ಫಾ. ಟಿಮೋತಿಗಿಂತ ಹಸಿರು, ವಾಸನೆ ಘಮ್ಮಂತಿದೆ, ಮೊಲ ಮುಗಿಬಿದ್ದು ತಿನ್ನುತ್ತೆ, ಅದಕ್ಕೇ ಒಳ್ಳೆಯದು ಅನ್ನುವ ಲೆಕ್ಕ. ಅದು ಬೇರೇನೂ ಅಲ್ಲ, ನಮ್ಮ ಕಡೆಯ ಕುದುರೆ ಮೆಂತ್ಯ. ಹುಲ್ಲಿನ ಜಾತಿಯೇ ಅಲ್ಲ, ದ್ವಿದಳ ಗಿಡ. ಟಿಮೋತಿಗಿಂತ ಪ್ರೋಟೀನ್ ಸುಮಾರು ಎರಡು ಪಟ್ಟು, ಕ್ಯಾಲ್ಸಿಯಂ ಇನ್ನೂ ಜಾಸ್ತಿ. ಆರು ತಿಂಗಳೊಳಗಿನ ಮರಿಗೆ, ಹಾಲೂಡುವ ತಾಯಿಗೆ ಸರಿ. ಬೆಳೆದ ಮೊಲಕ್ಕೆ ದಿನಾ ಹಾಕಿದರೆ ಮೈ ಬರುತ್ತೆ, ಹೆಚ್ಚಾದ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗಬೇಕಾದ್ದರಿಂದ ಮೂತ್ರಕೋಶದಲ್ಲಿ ಕೆಸರು ಕಟ್ಟುವ ಅಪಾಯವೂ ಇದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಸಿರಾಗಿರುವುದೆಲ್ಲ ಹುಲ್ಲೂ ಅಲ್ಲ.

ಇನ್ನು ಎರಡನೇ ಪಂಗಡ, ಹಳ್ಳಿಯ ಭಕ್ತರು. ನಾನು ಮೂಗೂರಿನವನು, ತಿ. ನರಸೀಪುರ ತಾಲ್ಲೂಕು. ಹುಲ್ಲಿನ ಮೆದೆಯ ಮೇಲೆ ಹತ್ತಿ ಜಾರಿ ಬೆಳೆದವನು. ಅದಕ್ಕೇ ಧೈರ್ಯವಾಗಿ ಹೇಳ್ತೀನಿ: ನಮ್ಮೂರ ಮೆದೆಯಲ್ಲಿರುವುದು ನಿಮ್ಮ ಮೊಲದ ಊಟ ಅಲ್ಲ.

ಗೊಂದಲ ಶುರುವಾಗುವುದೇ ಮಾತಿನಲ್ಲಿ. ನಮ್ಮಲ್ಲಿ 'ಹುಲ್ಲು ಹಾಕು' ಅಂದರೆ ಮೆದೆಯಿಂದ ಹಿರಿದ ನೆಲ್ಲುಲ್ಲು, ಇಲ್ಲವೇ ರಾಗಿ ಹುಲ್ಲು. ಕಾಳು ಬಲಿತು, ಪೈರು ಹಳದಿಯಾಗಿ, ಕೊಯ್ದು ಬಡಿದು ಭತ್ತ ಮನೆಗೆ ಹೋದ ಮೇಲೆ ಉಳಿದ ಕಡ್ಡಿ. ಗಿಡದ ಸಾರವೆಲ್ಲ ಕಾಳಿಗೆ ಹೋಗಿರುತ್ತೆ. ಇಂಗ್ಲಿಷಿನವರು ಇದನ್ನು ಸ್ಟ್ರಾ ಅಂತಾರೆ. ಅವರು ಹೇ ಅನ್ನುವುದೇ ಬೇರೆ: ಹುಲ್ಲು ಇನ್ನೂ ಹಸಿರಾಗಿರುವಾಗ, ತೆನೆ ಇಣುಕುವ ಹೊತ್ತಿಗೆ ಕೊಯ್ದು, ಆ ಹಸಿರು ಮಾಸದ ಹಾಗೆ ಬೇಗ ಒಣಗಿಸಿದ್ದು. ಕನ್ನಡದಲ್ಲಿ ಎರಡಕ್ಕೂ 'ಒಣಹುಲ್ಲು' ಅಂದುಬಿಡ್ತೀವಿ. ಕೇಳುವವರು ಹೇ ಕೇಳ್ತಾರೆ, ಕೊಡುವವರು ಸ್ಟ್ರಾ ಕೊಡ್ತಾರೆ, ಇಬ್ಬರೂ ಸುಳ್ಳು ಹೇಳಿಲ್ಲ.

ನೆಲ್ಲುಲ್ಲಿನಲ್ಲಿ ಪ್ರೋಟೀನ್ ಶೇ. 3ರಿಂದ 5, ಸಿಲಿಕಾ ಅನ್ನುವ ಮರಳಿನ ಅಂಶ ಧಾರಾಳ. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ, ಮೆಲುಕು ಹಾಕುವ ಬಿಡುವು, ಜೊತೆಗೆ ಹಿಂಡಿ, ಬೂಸ, ಬದುವಿನ ಹಸಿ ಹುಲ್ಲು. ಹೇಗೋ ನಡೆಯುತ್ತೆ. ಎರಡು ಕೆಜಿ ತೂಕದ ಮೊಲಕ್ಕೆ ಅದೇ ಊಟವಾದರೆ ಹೊಟ್ಟೆ ತುಂಬುತ್ತೆ, ಮೈಗೆ ಹತ್ತುವುದಿಲ್ಲ. ಕೆಳಗೆ ಹಾಸೋಕೆ ಚೆನ್ನಾಗಿರುತ್ತೆ, ಹಾಸಿ. ಅದನ್ನೇ ಬಡಿಸಬೇಡಿ.

ಜೊತೆಗೆ ಅದರ ಮೇಲೆ ಏನೇನು ಬಿದ್ದಿದೆ ಅಂತ ಕೇಳಿ. ನಮ್ಮೂರಲ್ಲಿ ಕೀಟನಾಶಕಕ್ಕೂ 'ಔಷಧಿ' ಅಂತಲೇ ಹೆಸರು. 'ಔಷಧಿ ಹೊಡೆದು ಎಷ್ಟು ದಿನ ಆಯ್ತು?' ಅನ್ನುವ ಪ್ರಶ್ನೆ ಕೇಳದೆ ಹುಲ್ಲು ಹೊತ್ತು ತರಬೇಡಿ. ಬದುವಿನ ಹಸಿ ಹುಲ್ಲೂ ಅಷ್ಟೇ, ಈಗ ಬದುವಿಗೂ ಕಳೆನಾಶಕ ಹೊಡೆಯುವವರಿದ್ದಾರೆ. ದನಕ್ಕೆ ಅಂತ ಯೂರಿಯಾ ಉಪಚಾರ ಮಾಡಿದ ಹುಲ್ಲೂ ಇರುತ್ತೆ: 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ ನೀರಿನಲ್ಲಿ ಕದಡಿ ಚಿಮುಕಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಡುವ ಪದ್ಧತಿ. ಮೆಲುಕು ಹಾಕುವ ಪ್ರಾಣಿಗೆ ಅದು ಮೇವು, ಮೊಲದ ಹತ್ತಿರಕ್ಕೂ ಬರಕೂಡದು. ಕಟ್ಟಿನಲ್ಲಿ ಕಾಂಗ್ರೆಸ್ ಗಿಡ, ಲಂಟಾನ ಸೇರಿಕೊಂಡಿರಬಹುದು. ದನವಾದರೂ ಮೈದಾನದಲ್ಲಿ ಮೂಸಿ ಬಿಟ್ಟು ಮುಂದೆ ಹೋಗುತ್ತೆ. ಒಣಗಿ ಪುಡಿಯಾಗಿ ಬೆರೆತ ಮೇಲೆ ಆರಿಸಿ ಬಿಡೋದು ಯಾರಿಗೂ ಸುಲಭವಲ್ಲ.

ಹಾಗಾದರೆ ಹಳ್ಳಿಯಿಂದ ತರಬೇಕಾದದ್ದು ಏನೂ ಇಲ್ಲವಾ? ಇದೆ. ಹುಲ್ಲಿನ ಹೊರೆ ಅಲ್ಲೇ ಇರಲಿ, ಪರೀಕ್ಷೆ ಮಾಡುವ ಅಭ್ಯಾಸ ತನ್ನಿ. ನಮ್ಮ ತಾಲ್ಲೂಕಿನ ಮುಡುಕುತೊರೆಯ ದನದ ಜಾತ್ರೆ ನೋಡಿದವರಿಗೆ ಗೊತ್ತು, ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸದೆ ಯಾರೂ ವ್ಯಾಪಾರ ಮುಗಿಸುವುದಿಲ್ಲ. ಮಾರುವವನು ನೆಂಟನೇ ಆಗಿದ್ದರೂ ನೋಡ್ತಾರೆ, ಅವನೂ ಬೇಜಾರು ಮಾಡಿಕೊಳ್ಳಲ್ಲ. ಮೆದೆ ಹಾಕಿದ ಮೇಲೆ ಅಪ್ಪ ಮೊಳಕೈವರೆಗೂ ಕೈ ತೂರಿಸಿ ನೋಡ್ತಿದ್ದರು. 'ಕಾವದೆ ಕನ್ಲಾ, ಕಿತ್ತು ಹರವು' ಅಂದರೆ ಮುಗೀತು, ಆಳೆತ್ತರದ ಮೆದೆ ಬಿಚ್ಚಿ ಮತ್ತೆ ಬಿಸಿಲಿಗೆ. ತೇವ ಉಳಿದ ಹುಲ್ಲು ಒಳಗೊಳಗೇ ಬಿಸಿಯಾಗುತ್ತೆ, ಅತಿಯಾದರೆ ತಾನಾಗಿ ಬೆಂಕಿ ಹತ್ತಿಕೊಳ್ಳೋದೂ ಉಂಟು. ಕಪ್ಪಾದ ಹುಲ್ಲು ಹಸಿದ ದನಕ್ಕೂ ಹೋಗುತ್ತಿರಲಿಲ್ಲ, ನೇರ ತಿಪ್ಪೆಗೆ. ಅದು ಬರೀ ಮಡಿವಂತಿಕೆ ಅಲ್ಲ. ಉತ್ತರ ಭಾರತ, ಪಾಕಿಸ್ತಾನದ ಭತ್ತದ ಸೀಮೆಯಲ್ಲಿ ಎಮ್ಮೆಗಳ ಬಾಲ, ಕಿವಿ, ಗೊರಸು ಕೊಳೆಯುವ ಡೆಗ್ನಾಲಾ ಅನ್ನುವ ರೋಗ ಇದೆ. ಅದಕ್ಕೆ ಕಾರಣ ಬೂಷ್ಟು ಹಿಡಿದ ನೆಲ್ಲುಲ್ಲಿನ ವಿಷ ಅನ್ನುತ್ತಾರೆ ಪಶುವೈದ್ಯರು. ಎಮ್ಮೆಯನ್ನೇ ಬಿಡದ ಬೂಷ್ಟು ಮೊಲವನ್ನು ಬಿಡುತ್ತಾ?

ಸರಿ, ಏನು ನೋಡಬೇಕು? ಕಾಲೇಜಿನಲ್ಲಿ ಗೆಳೆಯರು ನಿಮ್ಮೂರ ಹೆಸರಿನಲ್ಲೇ ಮೂಗಿದೆಯಲ್ಲೋ ಅಂತ ಆಡಿಕೊಳ್ತಿದ್ದರು. ಮೂಗಿನಿಂದಲೇ ಶುರು ಮಾಡ್ತೀನಿ.

ಮೂಗು: ಪ್ಯಾಕೆಟ್ ತೆರೆದ ತಕ್ಷಣ ವಾಸನೆ ನೋಡಿ. ಒಳ್ಳೆಯ ಹುಲ್ಲು ಸ್ವಲ್ಪ ಸಿಹಿಯಾಗಿ, ಚಹಾ ಸೊಪ್ಪಿನ ಹಾಗೆ ಇರುತ್ತೆ. ಮುಗ್ಗಲು, ಹುಳಿ, ಸುಟ್ಟ ಬೆಲ್ಲದ ವಾಸನೆ, ಸೀಮೆಎಣ್ಣೆಯಂಥ ಘಾಟು, ಯಾವುದೇ ಬಂದರೂ ವಾಪಸ್. ಏನೂ ವಾಸನೆಯೇ ಇಲ್ಲ ಅಂದರೆ ತೀರಾ ಹಳೆಯದು. ಆಸ್ತಮಾ ಇರುವವರು ಮುಖ ಹುದುಗಿಸಬೇಡಿ, ಕೈಯಲ್ಲಿ ಗಾಳಿ ಬೀಸಿಕೊಂಡು ನೋಡಿ.

ಕಣ್ಣು: ಮೇಲಿನ ಪದರ ನಂಬಬೇಡಿ, ಇಡೀ ಪ್ಯಾಕೆಟ್ಟನ್ನು ಹಳೇ ಪೇಪರಿನ ಮೇಲೆ ಸುರಿದು ನಡುವಿನದ್ದನ್ನು ನೋಡಿ. ಬಿಸಿಲಿಗೆ ತಾಗಿದ ಹೊರಪದರ ಸ್ವಲ್ಪ ಮಾಸಿದ್ದರೆ ಭಯವಿಲ್ಲ. ಒಳಗೂ ಕಂದು ಅಂದರೆ ಮಳೆಗೆ ಸಿಕ್ಕಿದೆ ಅಥವಾ ಕಾವು ಹಿಡಿದಿದೆ. ಬಿಳಿ, ಬೂದು ಪುಡಿ, ಕಪ್ಪು ಚುಕ್ಕೆ, ಜೇಡನ ಬಲೆಯಂಥ ಎಳೆ ಕಂಡರೆ ಆ ಭಾಗ ಮಾತ್ರ ಕಿತ್ತೆಸೆಯುವ ಜಾಣತನ ಬೇಡ, ಪ್ಯಾಕೆಟ್ ಪೂರ್ತಿ ಎಸೆಯಿರಿ. ಬೂಷ್ಟು ಕಣ್ಣಿಗೆ ಕಾಣುವಷ್ಟಿದ್ದರೆ ಕಾಣದ್ದು ಅದಕ್ಕಿಂತ ಜಾಸ್ತಿ. ಇಲಿ ಹಿಕ್ಕೆ, ಹುಳ, ಪ್ಲಾಸ್ಟಿಕ್ ದಾರ, ತಂತಿ ಚೂರು ಇದೆಯಾ ನೋಡಿ. ಅಗಲ ಎಲೆಯ ಗುರುತು ಸಿಗದ ಕಳೆ ಇದ್ದರೆ ಆರಿಸಿ, ಬಹಳ ಇದ್ದರೆ ಹಾಕಲೇಬೇಡಿ.

ಕೈ: ನಾಲ್ಕು ಕಡ್ಡಿ ಹಿಡಿದು ತಿರುಚಿ. ಒಣಗಿದ್ದು ಸಣ್ಣಗೆ ಚಟಪಟ ಅಂದು ಮುರಿಯುತ್ತೆ, ಹಸಿ ಇದ್ದದ್ದು ಹಗ್ಗದ ಹಾಗೆ ಬಾಗುತ್ತೆ. ಹುಲ್ಲಿನಲ್ಲಿ ತೇವ ಶೇ. 15ರ ಒಳಗಿರಬೇಕು, 20 ದಾಟಿದರೆ ಕೆಡೋದಕ್ಕೆ ಶುರು. ಮೀಟರ್ ಬೇಡ. ಗಾಜಿನ ಉಪ್ಪಿನಕಾಯಿ ಬಾಟಲಿಯಲ್ಲಿ ಒಂದು ಹಿಡಿ ಹಾಕಿ ಮುಚ್ಚಳ ಬಿಗಿಮಾಡಿ ಅರ್ಧ ಗಂಟೆ ಬಿಸಿಲಲ್ಲಿಡಿ. ಒಳಗೆ ಹನಿ ಕಟ್ಟಿದರೆ ಹುಲ್ಲು ಒಣಗಿಲ್ಲ. ಆಮೇಲೆ ಒಂದು ಹಿಡಿಯನ್ನು ಕಪ್ಪು ಬಟ್ಟೆಯ ಮೇಲೆ ಕೊಡವಿ. ನಾಲ್ಕು ಚೂರು ಬಿದ್ದರೆ ಸರಿ, ಮೋಡದ ಹಾಗೆ ಪುಡಿ ಎದ್ದರೆ ಬೇಡ.

ಈ ಪುಡಿ ಮೊಲಕ್ಕೆ ಮಾತ್ರ ಅಪಾಯ ಅಂದುಕೊಳ್ಳಬೇಡಿ. ಬೂಷ್ಟು ಹುಲ್ಲಿನ ಪುಡಿಯನ್ನು ಮತ್ತೆ ಮತ್ತೆ ಉಸಿರಾಡಿದರೆ ಮನುಷ್ಯರಿಗೆ ಬರುವ ಶ್ವಾಸಕೋಶದ ಕಾಯಿಲೆಗೆ ಫಾರ್ಮರ್ಸ್ ಲಂಗ್ ಅಂತಲೇ ಹೆಸರು. ರೈತ ಬಯಲಲ್ಲಿ ಹುಲ್ಲು ಹಿರಿಯುತ್ತಾನೆ. ನೀವು ಎಸಿ ಹಾಕಿ ಕಿಟಕಿ ಮುಚ್ಚಿದ ಒನ್ ಬಿಎಚ್‌ಕೆಯಲ್ಲಿ ಹಾಸಿಗೆಯ ಪಕ್ಕ ಅದನ್ನು ಇಟ್ಟುಕೊಂಡಿದ್ದೀರಿ.

ಒಳ್ಳೆಯ ಹುಲ್ಲು ತಂದರೂ ಕೆಡಿಸುವವರು ನಾವೇ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ವಾಷಿಂಗ್ ಮಷೀನ್ ಪಕ್ಕ ಇಟ್ಟರೆ ಎರಡು ವಾರ ಸಾಕು. ಬಟ್ಟೆ ಚೀಲ ಅಥವಾ ತೂತು ಮಾಡಿದ ರಟ್ಟಿನ ಡಬ್ಬಿ, ನೆಲದಿಂದ ಮೇಲೆ, ಗೋಡೆಯಿಂದ ದೂರ ಇಡಿ. ಮೆದೆಯ ಕೆಳಗೆ ನಮ್ಮವರು ಕಲ್ಲು, ಮರದ ದಿಮ್ಮಿ ಇಡೋದೂ ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಆರು ತಿಂಗಳಿಗಾಗುವಷ್ಟು ಆಫರಿನಲ್ಲಿ ತರಿಸಿಕೊಳ್ಳಬೇಡಿ. ಹುಲ್ಲು ಬದಲಾಯಿಸುವಾಗ ಹಳೆಯದಕ್ಕೆ ಹೊಸದನ್ನು ಬೆರೆಸುತ್ತಾ ಒಂದು ವಾರ, ಹತ್ತು ದಿನ ತೆಗೆದುಕೊಳ್ಳಿ. ಅಪಾರ್ಟ್‌ಮೆಂಟ್ ಲಾನಿನಲ್ಲಿ ಮಷೀನು ಕತ್ತರಿಸಿ ಗುಡ್ಡೆ ಹಾಕಿದ ಹುಲ್ಲು ಮುಟ್ಟಲೇಬೇಡಿ, ಗಂಟೆಗಳಲ್ಲಿ ಹುಳಿ ಬಂದಿರುತ್ತೆ, ಏನು ಸಿಂಪಡಿಸಿದ್ದಾರೋ ಅದು ಬೇರೆ.

'ನಮ್ಮ ಮೊಲಕ್ಕೇ ಗೊತ್ತಾಗುತ್ತೆ ಬಿಡಿ, ಕೆಟ್ಟದ್ದು ತಿನ್ನಲ್ಲ' ಅನ್ನುವವರಿದ್ದಾರೆ. ಕಾಡಿನ ಮೊಲಕ್ಕೆ ಹತ್ತು ಗಿಡ ಬಿಟ್ಟು ಹನ್ನೊಂದನೆಯದನ್ನು ತಿನ್ನುವ ಸ್ವಾತಂತ್ರ್ಯ ಇದೆ. ನಿಮ್ಮ ಮೊಲಕ್ಕೆ ಇರುವುದು ಒಂದೇ ಬುಟ್ಟಿ. ಹಸಿವಾದರೆ ಅದನ್ನೇ ತಿನ್ನಬೇಕು, ಇಲ್ಲವೇ ಉಪವಾಸ ಕೂರಬೇಕು, ಎರಡೂ ಅದಕ್ಕೆ ಅಪಾಯವೇ. ಮೊಲ ಹುಲ್ಲು ಮುಟ್ಟದಿದ್ದರೆ 'ನಖರಾ ಮಾಡುತ್ತೆ' ಅನ್ನುವ ಮೊದಲು ಹುಲ್ಲನ್ನು ಅನುಮಾನಿಸಿ. ಹುಲ್ಲು ಚೆನ್ನಾಗಿದ್ದರೆ ಹಲ್ಲನ್ನು ಅನುಮಾನಿಸಿ, ಡಾಕ್ಟರಿಗೆ ತೋರಿಸಿ.

ಕೊನೆಯ ಮಾತು ದುಡ್ಡಿನದ್ದು. ಕಡಲಾಚೆಯ ಹುಲ್ಲಿಗೆ ಕೆಜಿಗೆ ನೂರಾರು ರೂಪಾಯಿ ಕೊಡ್ತೀರಿ. ನಮ್ಮ ಬಿಸಿಲಿಗೆ ಒಗ್ಗುವ ರೋಡ್ಸ್ ಹುಲ್ಲು, ಗಿನಿ ಹುಲ್ಲು, ಗರಿಕೆ ಇವೆ. ಹೊತ್ತಿಗೆ ಸರಿಯಾಗಿ ಕೊಯ್ದು ಒಣಗಿಸಿದರೆ ಇವೂ ಮೊಲಕ್ಕೆ ಊಟವೇ. ಮೇವಿನ ಬೆಳೆಗಳ ಸಂಶೋಧನೆ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ನಡೆಯುತ್ತೆ, ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರವೇ ಇದೆ. ನೀರಾವರಿ ಜಮೀನು ಇರುವ ನಮ್ಮೂರ ಹುಡುಗರು ಇದನ್ನು ಮಾಡಬಲ್ಲರು. ಆದರೆ ಕೊಳ್ಳುವವರಿಗೆ ಒಳ್ಳೆಯ ಹುಲ್ಲಿಗೂ ಕೆಟ್ಟ ಹುಲ್ಲಿಗೂ ವ್ಯತ್ಯಾಸವೇ ಗೊತ್ತಿಲ್ಲದಿದ್ದರೆ, ಮಳೆ ತಪ್ಪಿಸಿ, ಹೂವಿಗೆ ಮುಂಚೆ ಕೊಯ್ದು, ನೆರಳು ಬಿಸಿಲು ನೋಡಿ ಒಣಗಿಸಿದವನಿಗೆ ಹೆಚ್ಚು ಬೆಲೆ ಯಾಕೆ ಸಿಗಬೇಕು? ಚಂದದ ಕವರು ಹೊಲಿಸಿದವನಿಗೇ ಸಿಗುತ್ತೆ. ಪರೀಕ್ಷೆ ಮಾಡದೆ ಕೊಳ್ಳುವ ಪ್ರತಿಯೊಬ್ಬರೂ ಪ್ರಾಮಾಣಿಕ ರೈತನನ್ನು ಮಾರುಕಟ್ಟೆಯಿಂದ ಹೊರಗೆ ಹಾಕ್ತಿದ್ದಾರೆ.

ಆದ್ದರಿಂದ ಮಾರುವವರು ಯಾರೇ ಇರಲಿ, ಅಂಗಡಿಯೋ ಆ್ಯಪೋ ಊರಿನ ಮಾವನೋ, ನಾಲ್ಕು ಪ್ರಶ್ನೆ ಕೇಳಿ. ಯಾವ ಹುಲ್ಲು? ಯಾವ ತಿಂಗಳು ಕೊಯ್ದದ್ದು? ಕೊಯ್ದ ಮೇಲೆ ಮಳೆಗೆ ಸಿಕ್ಕಿತ್ತಾ? ಏನು ಸಿಂಪಡಿಸಿದ್ದರು, ಎಷ್ಟು ದಿನ ಮುಂಚೆ? ಉತ್ತರ ಬಂದರೆ ದುಡ್ಡು ಕೊಡಿ, ಚೌಕಾಸಿ ಮಾಡಬೇಡಿ. ಉತ್ತರ ಬರದಿದ್ದರೆ, 'ಪ್ರೀಮಿಯಂ ಸರ್' ಅಂತಷ್ಟೇ ಬಂದರೆ, ಮುಂದಿನ ಅಂಗಡಿಗೆ ಹೋಗಿ. ಉತ್ತರ ಬಂದು ಹುಲ್ಲು ಮನೆಗೆ ಬಂದ ಮೇಲೂ, ಮೊಲದ ಮುಂದೆ ಇಡುವ ಮೊದಲು ನಿಮ್ಮ ಮೂಗಿನ ಮುಂದೆ ಹಿಡಿಯಿರಿ.